ಕಿವಿಯ ಅಳತೆ

ನಾನು ನಿಂತಿದ್ದು ಬಟ್ಟೆ ಒಗೆಯುವ ಕಲ್ಲಿನ ಎಡಕ್ಕೆ, ಬೇಲಿಯಿಂದ ನಾಲ್ಕು ಹೆಜ್ಜೆ ಈಚೆ. ಹೊತ್ತು ಬೆಳಿಗ್ಗೆ ಹತ್ತೂಕಾಲು. ಇಪ್ಪತ್ತಮೂರು ವರ್ಷದ ಹಿಂದಿನ ಶ್ರಾವಣ, ಗುರುವಾರ, ಸರಕಾರಿ ರಜೆ. ಸಿರಸಿ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಬೇಲಿಯ ಆಚೆ, ಓಣಿಯವರು ಗೌರವದಿಂದ ಶಿಲ್ಪಿಗಳು ಎನ್ನುತ್ತಿದ್ದ ಒಬ್ಬರ ಮನೆ, ಅದರ ಬೆನ್ನಿಗೆ ಅವರ ಕೆತ್ತನೆಯ ಶೆಡ್ಡು. ಶೆಡ್ಡಿನ ಎರಡೂ ಬಾಗಿಲು ತೆರೆದಿದ್ದವು, ಒಳಗೆ ಬಿಸಿಲು ಬಿದ್ದಿತ್ತು. ನನಗೂ ಆ ಬಾಗಿಲಿಗೂ ನಡುವೆ ಇಪ್ಪತ್ತೆರಡು ಅಡಿ. ಇದನ್ನು ಆಮೇಲೊಂದು ದಿನ ಟೇಪು ಹಿಡಿದು ಅಳೆದಿದ್ದೇನೆ. ಸರ್ವೇ ಇಲಾಖೆಯಲ್ಲಿ ಮೂವತ್ತು ವರ್ಷ ಭೂಮಿ ಅಳೆದವನು ನಾನು. ಅಂದಾಜಿನ ಮೇಲೆ ನನಗೆ ನಂಬಿಕೆ ಇಲ್ಲ.

ನೋಡಿದ್ದು ಇಷ್ಟು. ಶಿಲ್ಪಿಗಳ ಹೆಂಡತಿ ಒಂದು ಮಣೆಯ ಮೇಲೆ ಕೂತಿದ್ದರು. ನಾನು ಅವರನ್ನು ಅತ್ತಿಗೆ ಎಂದು ಕರೆಯುತ್ತಿದ್ದೆ. ಅವರ ಬಲಗಿವಿಯ ಹಾಲೆ ಹರಿದಿತ್ತು. ಓಲೆ ಹಾಕುವ ತೂತಿನಿಂದ ಕೆಳಗಿನ ಅಂಚಿನವರೆಗೆ ನೇರವಾಗಿ ಸೀಳಿ ಎರಡು ಎಸಳಾಗಿತ್ತು. ಮೇಲೆ ಅರಿಶಿನ ಹಚ್ಚಿದ್ದರು, ಅದರ ಅಂಚಿನಲ್ಲಿ ರಕ್ತ ಕಪ್ಪಾಗಿ ಒಣಗಿತ್ತು. ಶಿಲ್ಪಿಗಳು ಅವರ ಎದುರು ಕುಕ್ಕರುಗಾಲಿನಲ್ಲಿ ಕೂತು, ಕೈವಾರದ ಎರಡು ಮೊನೆಗಳನ್ನು ಆ ಹರಿದ ಹಾಲೆಯ ಹತ್ತಿರ ಹಿಡಿದು ಸೀಳಿನ ಉದ್ದ ಅಳೆಯುತ್ತಿದ್ದರು. ಅಳೆದು, ಬಿದಿರಿನ ಒಂದು ಸೀಳಿನ ಮೇಲೆ ಚಾಕುವಿನಿಂದ ಗುರುತು ಹಾಕಿದರು. ಮತ್ತೆ ಕೈವಾರ ಹಿಡಿದು ಅಗಲ ಅಳೆದರು.

"ಸ್ವಲ್ಪ ಬೆಳಕಿಗೆ ತಿರುಗು. ಹಾಂ, ಅಷ್ಟೇ. ಅಲ್ಲಾಡಬೇಡ," ಅಂದರು.

ಆ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ. ಮಗುವಿನ ಕಾಲಿನಿಂದ ಮುಳ್ಳು ತೆಗೆಯುವವರ ದನಿ ಅದು. ಸಿಟ್ಟಿರಲಿಲ್ಲ. ಪಶ್ಚಾತ್ತಾಪವೂ ಇರಲಿಲ್ಲ. ಅತ್ತಿಗೆ ಅಳುತ್ತಿರಲಿಲ್ಲ. ತಿರುಗು ಎಂದ ಕಡೆಗೆ ತಿರುಗಿದರು. ಆ ಕಡೆ ಇದ್ದದ್ದು ನಮ್ಮ ಬೇಲಿ. ಬೇಲಿಯ ಈಚೆ ನಾನು. ನಾನು ಬಕೆಟ್ ಎತ್ತಿಕೊಂಡು ಒಳಗೆ ಬಂದೆ.

ನೋಡದೆ ಇದ್ದದ್ದನ್ನೂ ಹೇಳಬೇಕು. ಓಲೆ ಹಿಡಿದು ಎಳೆದದ್ದನ್ನು ನಾನು ನೋಡಿಲ್ಲ. ಹಿಂದಿನ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ಮನೆಯಿಂದ ಒಂದು ಕೂಗು ಕೇಳಿತು, ಒಂದೇ. ಅದಾದ ಮೇಲೆ, ನಾನು ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟರಲ್ಲಿ, ಶೆಡ್ಡಿನಿಂದ ಉಳಿಯ ಸದ್ದು ಶುರುವಾಯಿತು. ಎಂದಿನ ಹಾಗೆ ಒಂದೇ ಲಯದಲ್ಲಿ.

ಶಿಲ್ಪಿಗಳು ದೊಡ್ಡ ಕಲಾವಿದರು. ಈ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಲು ಆಗುವುದೂ ಇಲ್ಲ. ಮರ ಅವರ ಕೈಯಲ್ಲಿ ಉಸಿರಾಡುತ್ತಿತ್ತು ಎಂದು ದೂರದ ಊರಿನಿಂದ ಬಂದವರು ಹೇಳುತ್ತಿದ್ದರು. ನನಗೆ ಅಂಥ ಮಾತು ಬರುವುದಿಲ್ಲ. ನಾನು ಕಂಡದ್ದು ಅವರ ಕ್ರಮ. ಅವರು ಕಾಗದದ ಮೇಲೆ ಗೆರೆ ಎಳೆಯುತ್ತಿರಲಿಲ್ಲ. ಯಾವುದೇ ಅಂಗ ಕೆತ್ತುವ ಮೊದಲು ಜೀವಂತ ಮೈಯಿಂದ ಅಳತೆ ತೆಗೆದು, ಬಿದಿರಿನ ಸೀಳಿನ ಮೇಲೆ ಕಚ್ಚು ಹಾಕಿ, ಆ ಸೀಳುಗಳನ್ನು ದಾರದಲ್ಲಿ ಪೋಣಿಸಿ ಗೋಡೆಗೆ ನೇತುಹಾಕುತ್ತಿದ್ದರು. ಗಾಳಿ ಬಂದಾಗ ಅವು ಒಂದಕ್ಕೊಂದು ತಾಗಿ ಟಕಟಕ ಎನ್ನುತ್ತಿದ್ದವು. ನಾನು ಸಂಜೆ ಹೋಗಿ ಅವರ ಹತ್ತಿರ ಕೂರುತ್ತಿದ್ದೆ. ಅಳೆಯುವ ಇಬ್ಬರು ಸೇರಿದರೆ ಮಾತಿಗೆ ಬರವಿಲ್ಲ.

"ನೀವು ಅಳೆದ ಮೇಲೆ ಜಗಳ ಶುರುವಾಗ್ತದೆ. ನಾನು ಅಳೆದ ಮೇಲೆ ಜನ ಕೈ ಮುಗಿತಾರೆ," ಎಂದು ನನ್ನನ್ನು ಛೇಡಿಸುತ್ತಿದ್ದರು.

ನನ್ನ ಹೆಂಡತಿ ಕಾಯಿಲೆ ಬಿದ್ದಾಗ ಅವರು ಎರಡು ಸಲ ಆಸ್ಪತ್ರೆಗೆ ಬಂದು ಕೂತಿದ್ದರು. ಅದೂ ನಿಜ.

ಆ ಗುರುವಾರದ ಮೇಲೂ ನಾನು ಅಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ಒಂದು ವಾರ ಬಿಟ್ಟೆ, ಮತ್ತೆ ಹೋದೆ. ಅತ್ತಿಗೆ ಆವತ್ತಿನಿಂದ ಸೆರಗನ್ನು ತಲೆಯ ಮೇಲಿಂದ ತಂದು ಬಲಗಿವಿ ಮುಚ್ಚಿಕೊಳ್ಳತೊಡಗಿದರು. ಎಡಗಿವಿಯಲ್ಲಿ ಮಾತ್ರ ಓಲೆ. ಓಣಿಯವರು ಒಂದು ತಿಂಗಳು ಗಮನಿಸಿದರು. ಆಮೇಲೆ ಅದು ಅವರ ರೂಪವೇ ಆಯಿತು.

ಎರಡು ವರ್ಷದ ನಂತರ ನನಗೆ ಸಿದ್ದಾಪುರಕ್ಕೆ ವರ್ಗವಾಯಿತು. ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಒಂದು ದಿನ ಬಿಳಗಿಯ ಹತ್ತಿರ ಒಬ್ಬರ ಜಮೀನಿನ ಗಡಿ ಗುರುತಿಸಲು ಹೋದಾಗ ಆ ಮನೆಯವರು ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ಬಾಗಿಲ ಪಕ್ಕ ಒಂದು ಕೆತ್ತನೆ ಇತ್ತು: ದೀಪ ಹಿಡಿದ ಹೆಂಗಸು, ಎರಡಡಿ ಎತ್ತರ. ನಾನು ಮಜ್ಜಿಗೆ ಕೆಳಗಿಟ್ಟು ಎದ್ದು ನಿಂತೆ. ಗಾಳಿಗೆ ದೀಪ ಆರಬಾರದೆಂದು ಅವಳು ಎಡಗೈಯನ್ನು ಅಡ್ಡ ಹಿಡಿದಿದ್ದಳು. ಆ ಕೈ ಎಷ್ಟು ಜೋಪಾನವಾಗಿತ್ತೆಂದರೆ, ಇಲ್ಲದ ಗಾಳಿ ನನಗೆ ತಾಗಿದ ಹಾಗಾಯಿತು. ನನ್ನ ಕಣ್ಣಲ್ಲಿ ನೀರು ಬಂತು. ಇದನ್ನು ಬರೆಯಲು ನಾಚಿಕೆಯಿಲ್ಲ, ಯಾಕೆಂದರೆ ಅದು ಮೊದಲು ಆದದ್ದು. ಎರಡನೆಯದು ಆಮೇಲೆ ಆಯಿತು.

"ಆ ಮಣಿಕಟ್ಟಿನ ತಿರುವು ನೋಡಿ. ಅದು ಬೇರೆ ಯಾರಿಗೂ ಬರೂದಿಲ್ಲ," ಅಂದರು ಮನೆಯ ಯಜಮಾನರು.

ನೋಡಿದೆ. ಎಡ ಮಣಿಕಟ್ಟಿನ ಮೂಳೆ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಅರ್ಧ ಬೆರಳಿನಷ್ಟು ಹೊರಗೆ ಉಬ್ಬಿತ್ತು, ಆದ್ದರಿಂದಲೇ ಅಂಗೈ ಹಾಗೆ ಬಾಗಿತ್ತು. ಒಮ್ಮೆ ಮುರಿದು ಸರಿಯಾಗಿ ಕೂಡದ ಕೈ ಅದು. ನಾವು ಆ ಓಣಿಗೆ ಬಂದ ಮೊದಲ ವರ್ಷ ಅತ್ತಿಗೆಯ ಎಡಗೈಗೆ ಎರಡು ತಿಂಗಳು ಬಟ್ಟೆ ಕಟ್ಟಿತ್ತು. ಬಾವಿಕಟ್ಟೆಯಲ್ಲಿ ಜಾರಿದೆ ಅಂದಿದ್ದರು.

ಆಮೇಲೆ ನಾನು ಹುಡುಕಿಕೊಂಡು ನೋಡತೊಡಗಿದೆ. ಸಿರಸಿಯ ಒಂದು ಮನೆಯಲ್ಲಿ ಹೂ ಕಟ್ಟುವ ಹೆಂಗಸು. ಬಲಗೈಯ ಕಿರುಬೆರಳು ನೇರವಾಗದೆ ನಿಂತಿದೆ. ಸಿದ್ದಾಪುರದ ರಸ್ತೆಯಲ್ಲಿ ಒಂದು ದೇವಸ್ಥಾನದ ಕಂಬಕ್ಕೆ ಒರಗಿದ ಹೆಂಗಸು. ಎಡ ಹುಬ್ಬಿನ ಮೇಲೆ ಒಂದು ಸಣ್ಣ ಗೆರೆ. ಅರ್ಚಕರು ಅದನ್ನು ಉಳಿ ಜಾರಿದ್ದಿರಬೇಕು ಅಂದರು. ಅವರ ಉಳಿ ಜಾರುತ್ತಿರಲಿಲ್ಲ. ಹುಬ್ಬಿನ ಆ ಗೆರೆ ಅತ್ತಿಗೆಗೆ ಇತ್ತು. ಒಂದೊಂದನ್ನು ನೋಡಿ ಬಂದ ದಿನ ಊಟ ಸೇರುತ್ತಿರಲಿಲ್ಲ. ಆದರೂ ನೋಡುವಾಗ, ನೋಡುವಷ್ಟು ಹೊತ್ತು, ಅಲ್ಲಿಂದ ಕಾಲು ಕೀಳಲು ಆಗುತ್ತಿರಲಿಲ್ಲ. ಅವು ಚೆನ್ನಾಗಿಲ್ಲ ಎಂದು ಹೇಳುವ ಹಾಗಿದ್ದರೆ ಎಷ್ಟೋ ಸುಲಭವಿತ್ತು. ಅವುಗಳಲ್ಲಿ ಜನ ಬೆರಳಿಟ್ಟು ತೋರಿಸುತ್ತಿದ್ದ ಚೆಲುವೆಲ್ಲ ಆ ನೋವಿದ್ದ ಜಾಗದಲ್ಲೇ ಇತ್ತು.

ನಾನು ಹೊರಗಿನ ಯಾರಿಗೂ ಹೇಳಲಿಲ್ಲ. ನನ್ನ ಹೆಂಡತಿಗೆ ಹೇಳಿದಾಗ ಅವಳು, "ನಿಮಗೆ ಈಗ ಗೊತ್ತಾಯ್ತಾ?" ಅಂದಳು. ಅಷ್ಟೇ.

ಶಿಲ್ಪಿಗಳು ಹೋಗಿ ಈಗ ಎರಡು ವರ್ಷ. ಹೋಗುವ ಮೊದಲು ಯಲ್ಲಾಪುರ ಕಡೆಯ, ವಜ್ರಳ್ಳಿಯ ಆಚೆಯ ಒಂದು ಊರಿನವರು ಗ್ರಾಮದೇವಿಯ ಮೂರ್ತಿ ಕೇಳಿದ್ದರು. ಹಲಸಿನ ಮರ, ಆಳಿನಷ್ಟೇ ಅಳತೆ, ಕೂತ ಭಂಗಿ. ಅವರು ಕಣ್ಣಿನ ಕೊನೆಯ ಗೆರೆ ಮುಗಿಸಿ, ಹತ್ತು ದಿನಕ್ಕೆ ತೀರಿಕೊಂಡರು. ಮೂರ್ತಿ ಬಿಳಿ ಬಟ್ಟೆ ಸುತ್ತಿಕೊಂಡು ಶೆಡ್ಡಿನಲ್ಲೇ ಉಳಿಯಿತು. ಸೂತಕ, ವರ್ಷಾಂತ, ಮತ್ತೆ ಆ ಊರಿನ ಗುಡಿಯ ಕೆಲಸ ಎಂದು ತಡವಾಗಿ, ಈ ಸಲ ಮಾಘದಲ್ಲಿ ಒಯ್ಯುತ್ತೇವೆ ಎಂದು ಹೇಳಿಕಳಿಸಿದರು. ಆ ಎರಡು ವರ್ಷ ಅತ್ತಿಗೆ ದಿನಾ ಬೆಳಿಗ್ಗೆ ಬಟ್ಟೆ ಬಿಚ್ಚಿ ಅದರ ಧೂಳು ಒರೆಸುತ್ತಿದ್ದರು. ನಾನು ಬೇಲಿಯಿಂದ ನೋಡಿದ್ದೇನೆ. ಮರದ ಮುಖ ನಲವತ್ತೈದರದ್ದು, ಒರೆಸುವವರ ಮುಖ ಎಪ್ಪತ್ತರ ಹತ್ತಿರದ್ದು. ಎರಡೂ ಒಂದೇ ಮುಖ. ಒರೆಸುವಾಗ ಅವರು ಅದರ ಜತೆ ಮಾತಾಡುತ್ತಿರಲಿಲ್ಲ. ಆದರೆ ಒಮ್ಮೊಮ್ಮೆ, ಯಾರೋ ಏನೋ ಹೇಳಿದ್ದಕ್ಕೆ ಎಂಬಂತೆ, ತಲೆಯಾಡಿಸುತ್ತಿದ್ದರು.

ಅವರ ಮಗಳು ಸಿರಸಿಯಲ್ಲೇ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ, ನನ್ನನ್ನು ಮಾವ ಅನ್ನುತ್ತಾಳೆ. ಊರಿನವರು ಬರುವ ಹಿಂದಿನ ದಿನ ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದಳು.

"ಮಾವ, ನಾಳೆ ಅವ್ರು ಹಳೇ ದೇವಿಯ ಓಲೆ ತರ್ತಾರೆ, ಹಾಕಿ ನೋಡೂಕೆ. ಬಲಗಿವಿಗೆ ಓಲೆ ನಿಲ್ಲೂದಿಲ್ಲ."

ನಾನು ಆ ಮೂರ್ತಿಯನ್ನು ಹತ್ತಿರದಿಂದ ನೋಡಿರಲಿಲ್ಲ. "ಅದನ್ನೂ ಕೆತ್ತಿದ್ದಾರಾ?" ಅಂದೆ.

"ಅಳತೆ ಗೋಡೆ ಮೇಲಿತ್ತಲ್ಲ. ಆ ಬಿದಿರುಕಡ್ಡಿ ಎಲ್ಲ ನಾನು ಹಂಡೆ ಒಲೆಗೆ ಹಾಕಿದೆ. ಮೂರು ದಿನ ನೀರು ಕಾದಿದೆ." ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ. "ನಾಳೆ ನಿಮ್ಮನ್ನ ಕೇಳ್ತಾರೆ. ಮೂರ್ತಿ ಹೇಗಿದೆ ಅನ್ನೂಕೆ ಮನೆಯವರ ಮಾತು ನಡೆಯೂದಿಲ್ಲ ಅಂತ ಆ ಊರ ಭಟ್ಟರು ಮೊದಲೇ ಹೇಳಿದ್ದಾರೆ. ಮರ ಒಣಗಿ ಬಿಟ್ಟ ಒಡಕು ಅಂತ ಹೇಳಿ. ಒಡಕಾದ್ರೆ ಪೂಜೆಗೆ ಆಗೂದಿಲ್ಲ, ನೀರಿಗೆ ಬಿಡ್ತಾರೆ."

"ಸುಳ್ಳು ಹೇಳು ಅಂತೀಯ."

"ನನ್ನ ಅಮ್ಮನ ಮುಖಕ್ಕೆ ಊರೆಲ್ಲ ಕುಂಕುಮ ಹಾಕಿ ಕೈ ಮುಗಿದು, ಆಹಾ ಎಂಥಾ ಕೈ ಅಂತ ಅಪ್ಪನ್ನ ಹೊಗಳ್ತಾರೆ. ನೂರು ವರ್ಷ ಹೊಗಳ್ತಾರೆ. ಅದು ನಿಮಗೆ ಸುಳ್ಳಲ್ವಾ ಮಾವ?"

"ಅಮ್ಮ ಏನಂತಾರೆ?" ಅಂದೆ.

"ಅಮ್ಮ ಯಾವತ್ತು ಎಂತ ಹೇಳಿದ್ದಾಳೆ?"

ಮರುದಿನ ಮೂರು ಗಂಟೆಗೆ ಬಂದರು. ಊರ ಗುಡಿಯ ಆಡಳಿತ ನೋಡುವ ಮೊಕ್ತೇಸರರು, ದೊಡ್ಡ ಹೊಟ್ಟೆಯ ನಗೆಮಾತಿನ ಮನುಷ್ಯ. ಜತೆಗೆ ಭಟ್ಟರು, ಸಣಕಲು, ಮಾತು ಕಡಿಮೆ. ಬಿಳಿ ಬಟ್ಟೆ ಬಿಚ್ಚಿದರು. ಮೊಕ್ತೇಸರರ ನಗು ನಿಂತಿತು. ಅವರು ಚಪ್ಪಲಿ ಹೊರಗೇ ಬಿಟ್ಟಿದ್ದರೂ ಇನ್ನೊಮ್ಮೆ ಕಾಲು ನೋಡಿಕೊಂಡರು. ದೇವಿ ಬಲಕ್ಕೆ ಕೊಂಚ ತಿರುಗಿದ್ದಳು. ತಿರುಗು ಎಂದು ಯಾರೋ ಹೇಳಿದ್ದಕ್ಕೆ ತಿರುಗಿದಂತೆ.

ಎಡಗಿವಿಗೆ ಓಲೆ ಕೂತಿತು. ಬಲಗಿವಿಗೆ ಹಾಕಿದ ಓಲೆ ಸೀಳಿನಲ್ಲಿ ಜಾರಿ ಮೊಕ್ತೇಸರರ ಅಂಗೈಗೆ ಬಿತ್ತು.

"ಎಂತ ಮಾಡೂದು ಭಟ್ರೆ? ದೇವಿ ಒಂದೇ ಕಿವಿಗೆ ಓಲೆ ಹಾಕ್ಯಂಡು ಕೂತ್ರೆ ಊರ ಹೆಂಗಸ್ರು ನನ್ನ ಬಿಡ್ತ್ವ?"

ಭಟ್ಟರು ಮೊಬೈಲಿನ ಬೆಳಕು ಬಿಟ್ಟು ನೋಡಿದರು. "ಸುಮ್ನಿರು ಮಾರಾಯ. ಇದು ಒಡೆದದ್ದೋ, ಕೆತ್ತಿದ್ದೋ, ಅದು ಮೊದಲು ತಿಳೀಲಿ."

"ಒಂಚೂರು ಮೇಣ ಮೆತ್ತಿ ಬಣ್ಣ ಹೊಡೆಸಿದ್ರೆ ಆಗ್ತಿಲ್ಯ?"

"ಮೇಣ ಮೆತ್ತಿದ್ದು ನಿಂಗೆ ಗೊತ್ತು, ನಂಗೆ ಗೊತ್ತು. ದೇವಿಗೊಬ್ಬಳಿಗೆ ಗೊತ್ತಾಗ್ತಿಲ್ಲೆ ಹೇಳಿ ಎಣಿಸಿದ್ಯ?" ಭಟ್ಟರು ನನ್ನ ಕಡೆ ತಿರುಗಿದರು. "ಒಡೆದದ್ದಾದ್ರೆ ಭಿನ್ನ, ಪೂಜೆಗೆ ಸಲ್ಲೂದಿಲ್ಲ. ಕೆತ್ತಿದ್ದಾದ್ರೆ ಅದು ಅವಳ ರೂಪವೇ, ಹಾಗೇ ಕೂರಿಸಬೇಕು. ಎಂತಕ್ಕೆ ಹಾಗೆ ಕೆತ್ತಿದ್ದು ಅಂತ ಮಾತ್ರ ಊರಿಗೆ ಹೇಳಬೇಕು. ಸರ್ವೇಯರ್ ಸಾಹೇಬ್ರೆ, ನೀವು ಇಲ್ಲಿ ಇಪ್ಪತ್ತು ವರ್ಷ ಕೂತವರು. ನೋಡಿ ಹೇಳಿ."

ಮೇಲ್ನೋಟಕ್ಕೆ ಏನೂ ತೀರ್ಮಾನಿಸುವಂತಿರಲಿಲ್ಲ. ಸೀಳು ಮರದ ನಾರಿನ ಗುಂಟವೇ ಇತ್ತು. ಒಣಗಿದ ಮರ ಬಿಡುವ ಒಡಕೂ ಹಾಗೆಯೇ ಇರುತ್ತದೆ. ನಾನು ಬಲಗೈ ತೋರುಬೆರಳಿನ ಉಗುರನ್ನು ಒಳಗೆ ಆಡಿಸಿದೆ. ಒಡಕಿನ ಒಳಗೆ ನಾರು ತರಚುತ್ತದೆ. ಇದು ಬೆಣ್ಣೆಯಷ್ಟು ನುಣುಪಾಗಿತ್ತು. ಎರಡೂ ಎಸಳಿನ ಒಳಮೈಯನ್ನು ಅವರು ಉಜ್ಜಿ ಹೊಳಪು ಕೊಟ್ಟಿದ್ದರು. ಕೆಳಗೆ ಎಡ ಎಸಳು ಬಲದ್ದಕ್ಕಿಂತ ಕೂದಲೆಳೆಯಷ್ಟು ಉದ್ದ. ಆ ಗುರುವಾರ ಅವರು ಎರಡು ಸಲ ಅಳೆದದ್ದು ನೆನಪಾಯಿತು.

ನಾನು ತಲೆಯೆತ್ತಿದೆ. ಮಗಳು ಕಿಟಕಿಯ ಹತ್ತಿರ ನಿಂತಿದ್ದಳು. ಅತ್ತಿಗೆ ಒಳಬಾಗಿಲಲ್ಲಿ, ಸೆರಗನ್ನು ಬಲಗಿವಿಯ ಮೇಲೆ ಗಟ್ಟಿಯಾಗಿ ಹಿಡಿದು, ನನ್ನನ್ನೇ ನೋಡುತ್ತಿದ್ದರು. ಆ ಸೆರಗು ಹಿಡಿದ ಕೈಯನ್ನು ನೋಡಿ, ಮುಚ್ಚು ಎಂದು ಬೇಡುತ್ತಿದ್ದಾರೆ ಎಂದು ನಾನು ಅರ್ಥ ಮಾಡಿಕೊಂಡೆ.

"ಒಡಕು," ಅಂದೆ. "ಮರ ಒಣಗಿದ್ದು."

ಅತ್ತಿಗೆ ಒಳಗೆ ಹೋದರು.

ಮೊಕ್ತೇಸರರು ಬಹಳ ಹೊತ್ತು ಓಲೆಗಳನ್ನು ಬಟ್ಟೆಯಲ್ಲಿ ಕಟ್ಟುತ್ತಾ ನಿಂತರು. ಪ್ರಾಣಪ್ರತಿಷ್ಠೆ ಆಗದ್ದರಿಂದ ದೊಡ್ಡ ದೋಷವಿಲ್ಲ, ಆದರೆ ಕಣ್ಣು ಬಿಟ್ಟ ಮೂರ್ತಿ ಮನೆಯಲ್ಲಿ ಬೇಡ, ಹರಿಯುವ ನೀರಿಗೆ ಬಿಡಿ ಎಂದರು ಭಟ್ಟರು. ಇವತ್ತೇ ಆಗಲಿ ಎಂದಳು ಮಗಳು. ಗೂಡ್ಸ್ ರಿಕ್ಷಾ ತರಿಸಿ ಮೂರ್ತಿಯನ್ನು ಮಲಗಿಸಿದೆವು. ಯಲ್ಲಾಪುರ ರಸ್ತೆಯಲ್ಲಿ ಹೋಗಿ, ಶಾಲ್ಮಲೆಯ ಒಂದು ಮಡುವಿನ ಹತ್ತಿರ ಇಳಿಸಿದಾಗ ಐದು ಗಂಟೆ, ಇನ್ನೂ ಬಿಸಿಲಿತ್ತು. ಕಲ್ಲು ತುಂಬಿದ ಎರಡು ಚೀಲಗಳನ್ನು ಸೊಂಟಕ್ಕೆ ಕಟ್ಟಿದರು. ದಡದಲ್ಲಿ ನಾನು ಭಟ್ಟರ ಪಕ್ಕ ನಿಂತು ಕೇಳಿದೆ: "ಮೂರ್ತಿ ಸರಿಯಿದ್ದು, ಮಾಡಿದವನಲ್ಲಿ ಭಿನ್ನ ಇದ್ದರೆ ಭಟ್ಟರೆ?"

ಅವರು ನನ್ನನ್ನು ನೋಡಲಿಲ್ಲ. "ಅದನ್ನ ನೋಡ್ತಾ ಹೋದ್ರೆ ಈ ಸೀಮೆಯಲ್ಲಿ ಒಂದು ದೇವಸ್ಥಾನ ಉಳಿಯೂದಿಲ್ಲ," ಅಂದರು. ಹೆಗಲ ಶಾಲು ಸರಿಮಾಡಿಕೊಳ್ಳುತ್ತಾ, "ಉಳಿಸೂದು ಸರಿ ಅಂತ ನಾನು ಹೇಳಲಿಲ್ಲ," ಅಂದರು.

ಮೂರ್ತಿಯನ್ನು ನೂಕಿದರು. ಮುಳುಗಿತು. ಗುಳ್ಳೆಗಳು ಬಂದು ನಿಂತವು. ನಾವು ತಿರುಗುವಷ್ಟರಲ್ಲಿ ರಿಕ್ಷಾದವನು ಬಾಯಿಯ ಮೇಲೆ ಕೈ ಇಟ್ಟುಕೊಂಡ. ಒಂದು ಚೀಲ ಬಿಚ್ಚಿಹೋಗಿ ಅದು ಮೇಲಕ್ಕೆ ಬಂದಿತ್ತು. ಮುಖ ಮಾತ್ರ ನೀರಿನ ಮೇಲೆ, ಆಕಾಶಕ್ಕೆ. ನೀರಿನ ಸುಳಿಗೆ ಅದು ನಿಧಾನವಾಗಿ ತಿರುಗಿ, ಬಲಗಿವಿಯನ್ನು ದಡದ ಕಡೆ ಕೊಟ್ಟು ನಿಂತಿತು. ನೀರು ಆ ಸೀಳಿನಲ್ಲಿ ಹೋಗಿ ಬರುವ ಸಣ್ಣ ಸದ್ದು ಕೇಳುತ್ತಿತ್ತು. ಕೇಳುತ್ತಿತ್ತು ಎಂದು ನನಗೆ ಅನ್ನಿಸಿತು ಎಂದು ಬರೆಯುವುದು ಹೆಚ್ಚು ಸರಿ.

ಮಗಳು ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದಳು. ಸೊಂಟದ ಮಟ್ಟ ಹೋಗಿ, ಎರಡೂ ಅಂಗೈಗಳನ್ನು ಆ ಹಣೆಯ ಮೇಲೆ ಇಟ್ಟು ಒತ್ತಿ ಹಿಡಿದಳು. ತಾಯಿಯ ಮುಖ ಅದು. ಮೊಕ್ತೇಸರರು ನೀರಿಗಿಳಿದು ಇನ್ನೊಂದು ಚೀಲ ಕಟ್ಟಿ, ಅದು ಮುಳುಗುವವರೆಗೆ ಅವಳು ಕೈ ತೆಗೆಯಲಿಲ್ಲ. ದಡಕ್ಕೆ ಬಂದಾಗ ಅವಳ ಹಲ್ಲು ಕಟಕಟ ಅನ್ನುತ್ತಿತ್ತು. ನೀರು ಅಷ್ಟು ತಣ್ಣಗಿರಲಿಲ್ಲ.

ಎಂಟು ದಿನದ ನಂತರ, ಬೆಳಿಗ್ಗೆ ಹನ್ನೊಂದಕ್ಕೆ, ಅತ್ತಿಗೆ ನಮ್ಮ ಮನೆಗೆ ಬಂದರು. ನನ್ನ ಹೆಂಡತಿ ತೀರಿಕೊಂಡ ಮೇಲೆ ಅವರು ಬಂದದ್ದು ಅದೇ ಮೊದಲು. ಕುರ್ಚಿಯ ಮೇಲೆ ಕೂತು, ಸೆರಗನ್ನು ತಲೆಯಿಂದ ಹೆಗಲಿಗೆ ಇಳಿಸಿದರು. ಇಪ್ಪತ್ತಮೂರು ವರ್ಷದ ಮೇಲೆ ನಾನು ಆ ಕಿವಿ ನೋಡಿದೆ. ಎಡ ಎಸಳು ಕೂದಲೆಳೆಯಷ್ಟು ಉದ್ದ.

"ನೀವು ಅವತ್ತು ಬಕೆಟ್ ಎತ್ತಿಕೊಂಡು ಒಳಗೆ ಹೋದ್ರಿ," ಅಂದರು. "ಅದಕ್ಕೆ ನನಗೆ ಸಿಟ್ಟಿಲ್ಲ. ಎಲ್ಲರೂ ಹೋಗ್ತಿದ್ರು."

ನಾನು ಅವರ ಎದುರು ಕೂತೆ.

"ಅವ್ರು ನನಗೆ ಎಂತೆಂತ ಮಾಡಿದ್ರೋ ಅದೆಲ್ಲ ಅವ್ರೇ ಕೆತ್ತಿ ಇಟ್ರು. ಎಂತಕ್ಕೆ ಅಂತ ನನಗೆ ಗೊತ್ತಿಲ್ಲ, ನಾನು ಕೇಳಲಿಲ್ಲ. ಆದ್ರೆ ಒಬ್ಬರ ಹತ್ರಾನೂ ನಾನು ಬಾಯಿ ಬಿಡದೆ ಇದ್ದದ್ದು ಅದಕ್ಕೇ. ಅದು ಅಲ್ಲಿತ್ತು. ಬೇರೆ ಎಲ್ಲ ಮನೆಮನೆ ಸೇರಿ ಹೋಯ್ತು. ಇದೊಂದು ಊರ ನಡುವೆ ಕೂರ್ತದೆ ಅಂತ ಕಾಯ್ತಿದ್ದೆ. ಯಾವಳಾದ್ರೂ ಒಬ್ಬ ಹೆಂಗಸು ಕೇಳ್ತಿದ್ಲು, ದೇವಿ ಕಿವಿ ಯಾಕೆ ಹೀಗೆ ಅಂತ. ಯಾರಾದ್ರೂ ಹೇಳ್ತಿದ್ರು."

"ಬಾಗಿಲಲ್ಲಿ ನೀವು ಸೆರಗು ಹಿಡಿದಿದ್ದನ್ನು ನೋಡಿ..."

"ತೆಗೀಬೇಕು ಅಂತ ಹಿಡಿದಿದ್ದೆ. ನೀವು ಕೆತ್ತಿದ್ದು ಅಂದ ಕೂಡಲೆ ತೆಗೀತಿದ್ದೆ. ಮನೆಯವರ ಮಾತು ನಡೆಯೂದಿಲ್ಲ ಅಂದಿದ್ರಲ್ಲ, ನಿಮ್ಮ ಮಾತಿಗೆ ಕಾದೆ." ಅವರ ದನಿ ಏರಲಿಲ್ಲ. "ನೀವು ಒಡಕು ಅಂದ್ರಿ."

ಇಷ್ಟು ವರ್ಷ ಕಲ್ಲು ನೆಟ್ಟು ಗಡಿ ತೋರಿಸಿದ್ದೇನೆ. ಕೋರ್ಟಿನಲ್ಲಿ ನಿಂತು ಒಂದು ಗೇಣಿಗೂ ಸುಳ್ಳು ಹೇಳಿದವನಲ್ಲ. ಜೀವನದಲ್ಲಿ ಹೇಳಿದ ಒಂದು ಸುಳ್ಳಿನಿಂದ ಒಬ್ಬ ಹೆಂಗಸಿನ ಸಾಕ್ಷಿಯನ್ನು ನೀರಿಗೆ ಹಾಕಿದೆ. ಅವರ ಗಂಡನ ಕಲೆಯನ್ನು ಅವರ ಗಂಡನಿಂದ ಬಿಡಿಸಬೇಕೋ ಬೇಡವೋ ಎಂದು ನಾನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಅದು ಅವರದೂ ಹೌದು ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

"ಈಗ ನಾನು ಏನು ಮಾಡಲಿ ಅತ್ತಿಗೆ?"

"ನೋಡಿದ್ದು ಬರೆದಿಡಿ. ನೋಡಿದ್ದಷ್ಟೇ."

ಬರೆದದ್ದನ್ನು ಮೊದಲು ಮಗಳಿಗೆ ಓದಿದೆ. ಹೆಸರು ಹಾಕಬೇಡಿ ಎಂದಳು. ಹೆಸರಿಲ್ಲದಿದ್ದರೆ ಯಾರದು ಅಂತ ಗೊತ್ತಾಗೂದು ಹೇಗೆ ಎಂದರು ತಾಯಿ. ಇಬ್ಬರೂ ಅದರ ಮೇಲೆ ನನ್ನ ಎದುರೇ ಜಗಳ ಮಾಡಿದರು. ಆ ಮನೆಯಲ್ಲಿ ಅತ್ತಿಗೆಯ ದನಿ ಏರಿದ್ದನ್ನು ನಾನು ಮೊದಲ ಸಲ ಕೇಳಿದೆ. ಸದ್ಯಕ್ಕೆ ಮಗಳ ಮಾತು ನಡೆದಿದೆ. ಹೆಸರಿಲ್ಲದೆ ಬರೆದಿದ್ದೇನೆ.

ಆ ಗುರುವಾರ ಕಂಡವರು ನಾನೊಬ್ಬನೇ ಅಲ್ಲ. ನನ್ನ ಹಿಂದೆ ಅಡುಗೆಮನೆಯ ಮೆಟ್ಟಿಲ ಮೇಲೆ ನನ್ನ ಹೆಂಡತಿ ನಿಂತಿದ್ದಳು; ಅವಳು ಈಗಿಲ್ಲ. ಓಣಿಗೆ ಹಾಲು ಹಾಕುತ್ತಿದ್ದ ಹೆಂಗಸು ತಂಬಿಗೆ ಹಿಡಿದು ಶೆಡ್ಡಿನ ಪಕ್ಕದ ದಾರಿಯಲ್ಲಿ ನಿಂತಿದ್ದಳು, ನನಗಿಂತ ಹತ್ತಿರ. ಅವಳು ಬಿಳಗಿಯಲ್ಲಿ ಮಗನ ಮನೆಯಲ್ಲಿದ್ದಾಳೆ, ಹೋದ ತಿಂಗಳು ಹೋಗಿ ಮಾತಾಡಿಸಿದೆ, ಎಲ್ಲ ನೆನಪಿದೆ. ಮಗಳು ಎಂಟನೇ ತರಗತಿಯ ಪುಸ್ತಕ ಹಿಡಿದು ಶೆಡ್ಡಿನ ಒಳಗೇ ಇದ್ದಳು. ಮಣೆಯ ಮೇಲೆ ಕೂತಿದ್ದವರು ಸಿರಸಿಯಲ್ಲಿ ಅದೇ ಮನೆಯಲ್ಲಿದ್ದಾರೆ. ಈಗ ತಲೆಗೆ ಸೆರಗು ಹೊದೆಯುವುದಿಲ್ಲ.